ಅಡವಿಯೊಳಗಣ ನೀರು ಯಾರದು?

ಒಬ್ಬ ಒಕ್ಕಲಿಗನು ತನ್ನ ಹೊಲದ ಮೂಲೆಯಲ್ಲಿ ಅಗೆಯುತ್ತಿರುವಾಗ ಸಿಹಿನೀರಿನ ಒಂದು ಒರತೆ ಸಿಕ್ಕಿತೆಂದು ಎಣಿಸೋಣ. ಸುತ್ತಲಿನ ಬಾವಿಗಳೆಲ್ಲಾ ಸವಳು ನೀರಿನವು. ಮುಂದೆ ಚೈತ್ರ ವೈಶಾಖದ ಬಿಸಿಲು ಕಾದಿದೆ. ಅವನು ಆ ಒರತೆಯ ಮೇಲೆ ಚಪ್ಪಡಿಯನ್ನೆಳೆದು, ಮಣ್ಣು ಹರಡಿ, ಹಗಲಲ್ಲಿ ಏನೂ ಅರಿಯದವನ ಹಾಗೆ ತಿರುಗಾಡಿ, ರಾತ್ರಿಯಲ್ಲಿ ಮಾತ್ರ ಕೊಡವನ್ನು ತುಂಬಿಕೊಂಡು ಬರುವದಾದರೆ, ಅವನ ವಿಷಯವಾಗಿ ನಾವು ಏನು ಹೇಳುವೆವು? ಊರಿನ ಚಿಕ್ಕ ಮಗುವಾದರೂ ಅವನನ್ನು ಜಿಪುಣನೆಂದು ಕರೆಯುವದು. ದೀಪದ ಮತ್ತು ಕೊಳಗದ ಉಪಮೆಯನ್ನು ಬಾಲ್ಯದಿಂದ ಕೇಳಿದ ನಮಗೆ ಈ ವಿಷಯದಲ್ಲಿ ಸಂಶಯವಿಲ್ಲ.

ಆದರೆ ಕುಡಿಯುವ ನೀರಲ್ಲದೆ ನೋಡುವ ನೀರೆಂಬದೂ ಒಂದುಂಟು. ಅಡವಿಯ ನಡುವೆ, ಹಾದಿಯಿಂದ ದೂರದಲ್ಲಿ, ಬಂಡೆಯಿಂದ ಬಂಡೆಗೆ ಬಿದ್ದು ಹರಿದುಹೋಗುವ ಸಣ್ಣ ಜಲಧಾರೆಯೊಂದನ್ನು ಕಂಡುಬಂದವನು ಅದನ್ನು ಊರಿನಲ್ಲಿ ಸಾರಬೇಕೋ, ಬಾಯಿ ಮುಚ್ಚಿಕೊಂಡಿರಬೇಕೋ? ಇಲ್ಲಿ ತಿಳುವಳಿಕೆಯುಳ್ಳವರ ಉತ್ತರವು ಬೇರೆಯಾಗಿದೆ. ಅಂಥ ಸ್ಥಳಗಳನ್ನು ಬಹಳವಾಗಿ ಪ್ರೀತಿಸುವವರೇ, "ದಯಮಾಡಿ ಯಾರಿಗೂ ಹೇಳಬೇಡಿರಿ, ಹೇಳಿದರೆ ಜನ ಬರುವರು, ಜನ ಬಂದರೆ ಅದು ಕೆಡುವದು" ಎನ್ನುತ್ತಾರೆ. ಒರತೆಯನ್ನು ಮುಚ್ಚಿದವನು ಲೋಭಿಯಾದರೆ ಧಾರೆಯನ್ನು ಮುಚ್ಚಿದವನು ಧರ್ಮಿಷ್ಠನಾಗುವದು ಹೇಗೆ? ಇದು ಹೊತ್ತು ಹೋಗದವರ ಹರಟೆಯೆಂದು ಕೆಲವರಿಗೆ ತೋರೀತು. ನಮ್ಮ ಹಳ್ಳಿಗಳ ಜನರಿಗೆ ಅದು ಹರಟೆಯಲ್ಲ. ಯಾಕೆಂಬದು ಮುಂದೆ ತಿಳಿಯುವದು.

ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪುಗಳಲ್ಲಿಯೂ ಅವುಗಳ ಆಸುಪಾಸಿನ ಹಳ್ಳಿಗಳಲ್ಲಿಯೂ ವಾಸಿಸುವ ನಾವು ನೀರನ್ನು ಕಾಲುವೆಯಲ್ಲಿ ಬಲ್ಲವರು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಹೊರಡುವ ಎಡದಂಡೆಯ ಕಾಲುವೆಯ ಉದ್ದವು ಸುಮಾರು 227 ಕಿಲೋಮೀಟರು. ಗಂಗಾವತಿಯನ್ನು ದಾಟಿ ನಮ್ಮ ಗದ್ದೆಗಳಿಗೆ ಮುಟ್ಟುವಷ್ಟರಲ್ಲಿ ಆ ನೀರು ಕದಡಿ, ಸದ್ದು ಅಡಗಿ, ದಣಿದ ಎತ್ತಿನ ಹಾಗೆ ತಲೆ ತಗ್ಗಿಸಿ ನಡೆಯುತ್ತದೆ. ಅದರ ಪ್ರತಿಯೊಂದು ಗಳಿಗೆಗೂ ಒಬ್ಬ ಯಜಮಾನನುಂಟು. ತನ್ನ ಸರದಿಗಾಗಿ ನಡುರಾತ್ರಿಯಲ್ಲಿ ಲಾಟೀನು ಹಿಡಿದು ತೂಬಿನ ಬಳಿ ಕಾದು ಕುಳಿತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. 1970ರ ಆಸುಪಾಸಿನಲ್ಲಿ ಪೂರ್ವ ಬಂಗಾಳದಿಂದ ಮನೆಮಠಗಳನ್ನು ಬಿಟ್ಟು ಬಂದ ಕುಟುಂಬಗಳಿಗೆ ಸರಕಾರವು ಈ ಸೀಮೆಯಲ್ಲಿ ನೆಲೆ ಕೊಟ್ಟಿತು. ಪುನರ್ವಸತಿಯೆಂಬದಕ್ಕೆ ಇದ್ದ ರಿಹ್ಯಾಬಿಲಿಟೇಷನ್ ಎಂಬ ಉದ್ದನೆಯ ಇಂಗ್ಲಿಷ್ ಮಾತು ಕುಗ್ಗಿ ಆರ್.ಎಚ್. ಎಂದಾಗಿ ಊರಿನ ಹೆಸರಾಗಿಯೇ ನಿಂತಿತು. ಅವರ ಹಿರಿಯರು ಒಂದು ದಡದಿಂದ ಇನ್ನೊಂದು ದಡ ಕಾಣದಂಥ ನದಿಗಳ ಬಳಿಯಲ್ಲಿ ಹುಟ್ಟಿದವರು. ಆದಾಗ್ಯೂ ಬೀಳುವ ನೀರೆಂದರೆ ಅವರಿಗೂ ನಮಗೂ ಸಮಾನವಾಗಿ ಹೊಸದು.

ಆದಕಾರಣ ಕಳೆದ ಮಳೆಗಾಲದ ಕೊನೆಯಲ್ಲಿ ನಾವು ಹನ್ನೊಂದು ಮಂದಿ ಒಂದು ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಕುಳಿತು ಲಿಂಗಸುಗೂರು ಸೀಮೆಯ ಗುಂಡಲಬಂಡಾ ಜಲಪಾತವನ್ನು ನೋಡಲಿಕ್ಕೆ ಹೊರಟೆವು. ಮಸ್ಕಿಯಲ್ಲಿ ಚಹಕ್ಕಾಗಿ ನಿಂತಾಗ ಅಲ್ಲಿಯ ಅಶೋಕನ ಶಾಸನವನ್ನೂ ಕಂಡೆವು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಅದನ್ನು ಕಂಡುಹಿಡಿದನೆಂದು ಪುಸ್ತಕಗಳು ಹೇಳುತ್ತವೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಆ ಕಲ್ಲು ಅಲ್ಲಿಯೇ ಇತ್ತಷ್ಟೆ! ದನಕಾಯುವ ಹುಡುಗರು ಎಷ್ಟು ತಲೆಮಾರು ಅದಕ್ಕೆ ಒರಗಿ ಕುಳಿತರೋ. ಓದಬಲ್ಲವರ ಕಣ್ಣಿಗೆ ಬಿದ್ದ ದಿನವೇ ಅದು ಸಿಕ್ಕಿತೆಂದು ಲೆಕ್ಕ. ಆ ಶಾಸನದ ತಾತ್ಪರ್ಯದಲ್ಲಿ ಒಂದು ಸಂಗತಿ ನಮ್ಮ ಮನಸ್ಸಿಗೆ ಹಿಡಿಯಿತು. ಅದೇನಂದರೆ, ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಕೀಳೆನಿಸಿಕೊಂಡವನಿಗೂ ದೊರಕತಕ್ಕದ್ದು ಎಂಬದು. ಈಗ ಆ ಕಲ್ಲು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಯಾರಾದರೂ ಹೋಗಿ ನೋಡಬಹುದು.

ಲಿಂಗಸುಗೂರನ್ನೂ ಗುರುಗುಂಟಾವನ್ನೂ ದಾಟಿ ಗೋಲಪಲ್ಲಿಯ ಕಡೆಗೆ ಹೋದರೆ ನೆಲದ ರೂಪವೇ ಬದಲಾಗುವದು. ಭತ್ತದ ಗದ್ದೆಗಳ ಸಮತಟ್ಟು ಹೋಗಿ ಗುಡ್ಡಗಳು ಏಳುತ್ತವೆ. ಮಲೆನಾಡಿನವರು ಕಂಡರೆ ಇದನ್ನು ಅಡವಿಯೆಂದು ಒಪ್ಪಲಿಕ್ಕಿಲ್ಲ. ಕಾರೆ, ಕವಳೆ, ತಂಗಡಿ, ಸೀತಾಫಲ, ಇವುಗಳ ಕುರುಚಲು. ಆದರೆ ರಾಯಚೂರು ಸೀಮೆಯ ಕಣ್ಣಿಗೆ ಇಷ್ಟು ಹಸಿರೇ ಒಂದು ಹಬ್ಬ. ಗುಂಡು, ಬಂಡೆ ಎಂಬ ಮಾತುಗಳು ಹೆಸರಿನಲ್ಲಿಯೇ ಕೇಳಿಸುವ ಆ ಜಲಪಾತವು ಮಳೆಯ ಮಗು; ಮಳೆ ಬಂದರೆ ಹುಟ್ಟುವದು, ಬೇಸಿಗೆಯಲ್ಲಿ ಒಣಗಿದ ಕಲ್ಲಾಗಿ ನಿಲ್ಲುವದು. 253 ಮೀಟರಿನ ಜೋಗದ ಮುಂದೆ ಇದರ ಮಾತೆತ್ತುವದೇ ಬೇಡ. ವರ್ತಮಾನ ಪತ್ರಗಳ ದೆಸೆಯಿಂದ ಈಗ ಅದರ ಹೆಸರು ಹರಡಿದೆ. ನಾವು ಮುಟ್ಟಿದಾಗ ಅಲ್ಲಿ ಆಗಲೇ ಐವತ್ತು ಅರವತ್ತು ಮಂದಿ ಇದ್ದರು. ಒಂದು ಗುಂಪಿನವರು ಹಾಡಿನ ಪೆಟ್ಟಿಗೆಯನ್ನು ಬಂಡೆಯ ಮೇಲಿಟ್ಟು ನೀರಿನ ಸದ್ದಿಗೂ ಮೀರಿ ಕುಣಿಯುತ್ತಿದ್ದರು.

ಅಷ್ಟರಲ್ಲಿ ಕುರಿ ಕಾಯುವ ಹಿರಿಯನೊಬ್ಬನು, ನಮ್ಮ ಮುಖಗಳನ್ನು ನೋಡಿಯೋ ಏನೋ, "ಗದ್ದಲ ಬ್ಯಾಡಾಗಿದ್ರ ನನ್ನ ಹಿಂದ ಬರ್ರಿ" ಎಂದು ಹೇಳಿ ಕುರಿಗಳನ್ನು ಹೊಡೆದುಕೊಂಡು ಮುಂದಾದನು. ಸುಮಾರು ಅರ್ಧ ತಾಸು ಗುಡ್ಡದ ಮಗ್ಗುಲಲ್ಲಿ, ಮುಳ್ಳು ಸೆರಗಿಗೆ ತಗಲುತ್ತಾ, ನಡೆದೆವು. ಮೊದಲು ಏನೂ ಕಾಣಲಿಲ್ಲ. ಗಾಳಿ ತಂಪಾಯಿತು, ಒದ್ದೆ ಮಣ್ಣಿನ ವಾಸನೆ ಬಂತು, ಬಳಿಕ ಎರಡು ಬಂಡೆಗಳ ಸಂದಿಯಲ್ಲಿ ಇಬ್ಬರು ಮನುಷ್ಯರ ಎತ್ತರಕ್ಕಿಂತ ಹೆಚ್ಚಿಲ್ಲದ ಒಂದು ಧಾರೆ. ನೀರು ಒಂದೇ ಹರವಾಗಿ ಬೀಳದೆ ಪಾಚಿಯ ಮೇಲೆ ಮೂರು ನಾಲ್ಕು ಎಳೆಗಳಾಗಿ ಸೀಳಿ, ಕೆಳಗಿನ ಮಡುವಿಗೆ ಸೇರುವಾಗ ಮತ್ತೆ ಒಂದಾಗುತ್ತಿತ್ತು. ಮಡುವು ತಿಳಿಯಾಗಿತ್ತು, ತಳದ ಹರಳುಗಳನ್ನು ಎಣಿಸಬಹುದಾಗಿತ್ತು, ಒಂದು ಏಡಿ ನಮ್ಮನ್ನು ಕಂಡು ಕಲ್ಲಿನಡಿಗೆ ಸರಿಯಿತು. ಕುರಿಗಳು ನೇರವಾಗಿ ಹೋಗಿ, ಪ್ರತಿ ದಿವಸದ ವಾಡಿಕೆಯಂತೆ, ಸಾಲಾಗಿ ನಿಂತು ಕುಡಿದವು. ನಾವು ಯಾರೂ ಬಹು ಹೊತ್ತು ಮಾತಾಡಲಿಲ್ಲ. ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ. ನಮ್ಮ ಜೊತೆಯಲ್ಲಿದ್ದ ಬಂಗಾಳಿ ಹಿರಿಯರು ಕೊನೆಗೆ, "ನಮ್ಮ ಕಡೆ ನೀರು ನಡೆಯುತ್ತದೆ, ನಿಲ್ಲುತ್ತದೆ, ಮನೆಯೊಳಗೂ ಬರುತ್ತದೆ; ಹೀಗೆ ಜಿಗಿಯುವದನ್ನು ನಾನು ಕಾಣಲಿಲ್ಲ" ಎಂದರು.

ರೊಟ್ಟಿಯ ಬುತ್ತಿಯನ್ನು ಬಿಚ್ಚಿದಾಗ ವಾದವು ಹುಟ್ಟಿತು. ನಮ್ಮ ಸಂಗಡ ಬಂದಿದ್ದ ಒಬ್ಬ ಯೌವನಸ್ಥ ಉಪಾಧ್ಯಾಯನು, "ಅಯ್ಯನವರೇ, ಈ ಜಾಗದ ಸುದ್ದಿಯನ್ನು ಪತ್ರಿಕೆಯಲ್ಲಿ ಬರೆಯಬೇಡಿರಿ. ಇದೊಂದಾದರೂ ಉಳಿಯಲಿ. ಮಂದಿ ಬಂದರೆ ಈ ನೀರು ಕೆಟ್ಟಂತೆಯೇ" ಎಂದನು. ಅವನು ಒಳ್ಳೆಯ ಹುಡುಗನು. ತನ್ನ ಫೋನನ್ನು ಜೇಬಿನಿಂದ ಹೊರಗೇ ತೆಗೆದಿರಲಿಲ್ಲ. ಮಡುವಿನಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದ ನಮ್ಮ ಅಜ್ಜಿಯೊಬ್ಬಳು ತಿರುಗಿ ನೋಡಿ, "ತಮ್ಮಾ, ಮಂದಿ ಬಂದ್ರ ನೀರು ಕೆಡತಾವಂತ ನೀ ಅಂದಿ. ನಮ್ಮವ್ವಗೂ ಹಿಂಗ ಅಂತಿದ್ರು. ಬಾವಿಕಟ್ಟಿ ಕೆಳಗ ಕೊಡ ಇಟಗೊಂಡು ಹೊತ್ತೇರೋತನಕ ಕುಂದರ್ತಿದ್ಲು. ಯಾರರ ಬಂದು ಮ್ಯಾಲಿಂದ ಹಾಕಿದ್ರ ನೀರು, ಇಲ್ಲಂದ್ರ ಇಲ್ಲ" ಎಂದಳು. ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ ಮೇಲೆ ಉಪಾಧ್ಯಾಯನ ತಟ್ಟೆಗೆ ಇನ್ನೊಂದು ರೊಟ್ಟಿಯನ್ನೂ ಹಾಕಿದಳು. ಆದರೆ ವಾಚಕರೇ, ನಾವು ಮೇಲೆ ಹೇಳಿದ ಹಳೆಯ ಮುಳ್ಳು ಇದೇ.

ಮೊದಲು ಉಪಾಧ್ಯಾಯನ ಪಕ್ಷವನ್ನು ನ್ಯಾಯವಾಗಿ ತೂಗಬೇಕು. ಅವನ ಭಯವು ಕಲ್ಪನೆಯಲ್ಲ. 2024ರ ಜನವರಿ ತಿಂಗಳ ಕೊನೆಯಲ್ಲಿ ಕುಮಾರಪರ್ವತವನ್ನು ಹತ್ತುವದಕ್ಕೆ ಸಾವಿರಾರು ಮಂದಿ ಒಂದೇ ವೇಳೆ ಸೇರಿ, ಅಡವಿಯ ಕಾಲುಹಾದಿಯು ಜಾತ್ರೆಯ ಬೀದಿಯಾಯಿತು. 2023ರ ಜುಲೈ ತಿಂಗಳಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿ ಜಲಪಾತದಲ್ಲಿ ಒಬ್ಬ ಯುವಕನು ಬಂಡೆಯ ಮೇಲೆ ನಿಂತು, ಸ್ನೇಹಿತನು ಚಿತ್ರ ತೆಗೆಯುತ್ತಿರುವಾಗಲೇ ಕಾಲು ಜಾರಿ ಹೋದನು. ಆ ಚಿತ್ರವನ್ನು ನಾಡೆಲ್ಲಾ ನೋಡಿತು. ಅವನ ತಾಯಿಯು ಅದನ್ನು ನೋಡಬೇಕಾಯಿತೋ ಎಂಬದನ್ನು ನೆನಸಲಿಕ್ಕೂ ಮನಸ್ಸು ಬಾರದು. ಕೆಳಗಿನ ಗುಂಡಲಬಂಡೆಯಲ್ಲಿ ನಾವೇ ಎರಡು ಚೀಲ ತುಂಬುವಷ್ಟು ಬಾಟಲಿ ಚೂರುಗಳನ್ನೂ ಪ್ಲಾಸ್ಟಿಕ್ ತಟ್ಟೆಗಳನ್ನೂ ಕಂಡೆವು. ಬರಿಗಾಲಲ್ಲಿ ತಿರುಗುವ ಕುರುಬರ ಮಕ್ಕಳ ಪಾದಗಳಿಗೆ ಆ ಗಾಜೇ ಉತ್ತರ ಹೇಳುವದು.

ಇನ್ನು ಅಜ್ಜಿಯ ಪಕ್ಷ. ಕೊಲಾಬಾ ಜಿಲ್ಲೆಯ ಮಹಾಡದಲ್ಲಿ ಚವದಾರ್ ಎಂಬ ಕೆರೆಯಿತ್ತು. ಸಾರ್ವಜನಿಕ ನೀರಿನ ಸ್ಥಳಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿಯ ಶಾಸನಸಭೆಯು 1923ರಲ್ಲಿಯೇ ಗೊತ್ತುಮಾಡಿತ್ತು. ಆ ಊರಿನ ಮುನಿಸಿಪಾಲಿಟಿಯೂ ಒಪ್ಪಿತ್ತು. ಆದರೂ ಕಾಗದವೇ ಬೇರೆ, ಕೆರೆಯ ಮೆಟ್ಟಲೇ ಬೇರೆ. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ತರುವಾಯ ಊರವರು ಕೆರೆ ಕೆಟ್ಟಿತೆಂದು ಸೆಗಣಿ ಗೋಮೂತ್ರ ಮೊದಲಾದವುಗಳನ್ನು ಕೊಡಗಟ್ಟಲೆ ಹೊಯ್ದು ಅದನ್ನು ಶುದ್ಧಿಮಾಡಿದರು! ಹತ್ತು ವರ್ಷ ವ್ಯಾಜ್ಯ ನಡೆದು 1937ರಲ್ಲಿ ಮುಂಬಯಿ ಹೈಕೋರ್ಟು ಆ ನೀರು ಎಲ್ಲರದೆಂದು ತೀರ್ಪು ಕೊಟ್ಟಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಹಿಡಿದು ಬರೆದಿರುವದು ಇಂಥ ಕಣ್ಣೀರಿನ ನಿಮಿತ್ತವೇ. ಹೀಗಿರುವಲ್ಲಿ, ನೀರನ್ನು ಕಾಪಾಡುವದಕ್ಕಾಗಿ ಜನರನ್ನು ದೂರವಿಡಬೇಕೆಂಬ ಮಾತು ಎಷ್ಟು ಒಳ್ಳೆಯ ಬಾಯಿಂದ ಬಂದರೂ ನಮ್ಮ ಅಜ್ಜಿಯಂಥವರ ಕಿವಿಗೆ ಅದು ಹಳೆಯ ಸ್ವರದಲ್ಲಿಯೇ ಕೇಳಿಸುವದು.

ಎರಡು ಮಾತುಗಳೂ ಒಂದೇಯೋ? ಅಲ್ಲ. ಬಾವಿಯ ಯಜಮಾನನು ಹೇಳಿದ ಕೇಡು ಹುಟ್ಟಿನ ಮೇಲೆ ಹೊರಿಸಿದ್ದು. ಅದು ನೀರಿನಲ್ಲಿ ಇರಲಿಲ್ಲ, ಅವನ ತಲೆಯಲ್ಲಿತ್ತು. ಉಪಾಧ್ಯಾಯನು ಹೇಳುವ ಕೇಡು ಕೃತ್ಯದ್ದು; ಅದು ಕಾಲಿಗೆ ಚುಚ್ಚುವ ಗಾಜು. ಈ ಭೇದವನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಆದರೆ ಹಿಡಿದ ಮೇಲೂ ಒಂದು ವಿಚಾರ ಉಳಿಯುವದು. ಗುಟ್ಟೆಂಬದು ಕೃತ್ಯವನ್ನು ನೋಡಿ ಆರಿಸುವದಿಲ್ಲ. ಬಳಗವನ್ನು ನೋಡಿ ಆರಿಸುವದು. ಗಾಡಿಯುಳ್ಳವನಿಗೆ, ಸ್ನೇಹಿತರುಳ್ಳವನಿಗೆ, ಪಟ್ಟಣದ ಕೂಟಗಳಲ್ಲಿ ಓಡಾಡುವವನಿಗೆ ಗುಟ್ಟು ಹೇಗೂ ತಿಳಿಯುವದು. ತಿಳಿಯದೆ ಉಳಿಯುವವರು ಯಾರು? ಹೊಲಗೆಲಸಕ್ಕೆ ಹೋಗುವ ಹೆಂಗಸು, ಕ್ಯಾಂಪಿನ ಮುದುಕ, ದಾರಿ ಕೇಳಲು ಅಂಜುವ ಬಡ ಹುಡುಗ. ನಾವು ಕಂಡ ಆ ಬಾಟಲಿಗಳು ಬಡವರು ಕೊಳ್ಳುವ ಬಾಟಲಿಗಳಾಗಿರಲಿಲ್ಲವೆಂದು ಇಲ್ಲಿ ಹೇಳದೆ ಇರಲಾರೆವು.

ಮತ್ತು ಗುಪ್ತವೆಂದರೆ ಯಾರಿಗೆ ಗುಪ್ತ? ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ಅಘನಾಶಿನಿ ನದಿಯು 116 ಮೀಟರು ಕೆಳಗೆ ಧುಮುಕುವ ಉಂಚಳ್ಳಿ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಇಂಗ್ಲಿಷ್ ಕಲೆಕ್ಟರನು ಕಂಡುಹಿಡಿದನೆಂದು ಬರೆದು, ಅವನ ಹೆಸರನ್ನೇ ಅದಕ್ಕೆ ಇಟ್ಟರು. ಅಲ್ಲಿಯ ಜನರು ಅದನ್ನು ಕೆಪ್ಪಜೋಗವೆಂದು ಕರೆಯುತ್ತಾರೆ. ಕಿವಿ ಕೆಪ್ಪಾಗುವಷ್ಟು ಸದ್ದೆಂದು ಆ ಹೆಸರು. ಕೆಪ್ಪಾಗುವಷ್ಟು ಹತ್ತಿರ ಹೋಗಿ ನಿಂತವರೇ ಅದನ್ನು ಇಟ್ಟಿರಬೇಕಷ್ಟೆ. ಹಾಗೆಯೇ ನಮ್ಮ ಸಣ್ಣ ಧಾರೆಯನ್ನು ಬಚ್ಚಿಡುವೆವೆಂದು ನಾವು ರೊಟ್ಟಿ ತಿನ್ನುತ್ತಾ ತೀರ್ಮಾನಿಸಿದರೆ, ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ ಕುರಿಗಾರನು ನಗದೆ ಇರುವನೋ? ಅದು ಅವನಿಗೂ ಅವನ ಅಜ್ಜನಿಗೂ ಎಂದಿಗೂ ಬಚ್ಚಿಟ್ಟದ್ದಾಗಿರಲಿಲ್ಲ. ಅವನು ನಮ್ಮನ್ನು ಕರೆದನು. ಅದೇ ಹೊತ್ತಿನಲ್ಲಿ ಹಾಡಿನ ಪೆಟ್ಟಿಗೆಯ ಗುಂಪನ್ನು ಕರೆಯಲಿಲ್ಲ. ಇದನ್ನು ನಾವು ದಾರಿಯುದ್ದಕ್ಕೂ ಯೋಚಿಸಿದೆವು. ಅವನು ನಮ್ಮ ಜಾತಿಯನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ನಾವು ಹೇಗೆ ನಿಂತಿದ್ದೇವೆಂಬದನ್ನು ನೋಡಿದನು.

ಕಾಲುವೆಯ ಜನರಾದ ನಮಗೆ ಇನ್ನೊಂದು ಪಾಠವೂ ಗೊತ್ತು. ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪು ಹಚ್ಚಿ ನೀರೆತ್ತುವವನು, "ಕೆಳಗೆ ಬಿಟ್ಟರೆ ವ್ಯರ್ಥವಾಗಿ ಹೋಗುವದು" ಎನ್ನುತ್ತಾನೆ. ಕೊನೆಯ ಗದ್ದೆಯವನ ಪೈರು ಒಣಗುತ್ತದೆ. ಇದಕ್ಕೆ ಮದ್ದು ಕಾಲುವೆಯನ್ನು ಮುಚ್ಚುವದಲ್ಲ, ಕಟ್ಟೆ ಒಡೆದು ಎಲ್ಲರೂ ನುಗ್ಗುವದೂ ಅಲ್ಲ, ಸರದಿ. ಕುಮಾರಪರ್ವತದ ಗದ್ದಲವಾದ ಮೇಲೆ ಅರಣ್ಯ ಇಲಾಖೆಯವರು ಮಾಡಿದ್ದೂ ಇದನ್ನೇ. ಕೆಲವು ಕಾಲ ಚಾರಣವನ್ನು ನಿಲ್ಲಿಸಿ, ಆ ಬಳಿಕ ಒಂದು ಹಾದಿಗೆ ದಿನಕ್ಕೆ 300 ಮಂದಿಗೆ ಮೀರದಂತೆ ಮುಂಗಡ ಚೀಟಿಯನ್ನು ಗೊತ್ತುಮಾಡಿದರು. ಇದು ಬಚ್ಚಿಡುವದಕ್ಕಿಂತ ಎಷ್ಟೋ ಉತ್ತಮ. ಆದರೆ ಆ ಚೀಟಿಯು ಫೋನಿನೊಳಗೆ ದೊರೆಯುವದು. ನಮ್ಮ ಅಜ್ಜಿಯಂಥವಳು ಅಲ್ಲಿಯೂ ಕೊಡ ಹಿಡಿದು ಕೆಳಗೇ ಕುಳಿತಿರಬೇಕಾಗುವದಲ್ಲವೋ? ಸರದಿಯನ್ನು ಮಾಡುವವರು ಕೊನೆಯ ಗದ್ದೆಯವನನ್ನು ಮೊದಲು ನೆನಸಬೇಕೆಂದು ನಮಗೆ ತೋರುತ್ತದೆ.

ಹೇಳುವವನೂ ಬಚ್ಚಿಡುವವನೂ ಇಬ್ಬರೂ ಮರೆಯುವ ಸಂಗತಿ ಒಂದುಂಟು. ಇಬ್ಬರೂ ಆ ನೀರು ಮನುಷ್ಯರ ಕಣ್ಣಿಗಾಗಿಯೇ ಬೀಳುತ್ತದೆಂದು ಎಣಿಸಿದ್ದಾರೆ. ಒಬ್ಬನು ಎಲ್ಲರ ಕಣ್ಣಿಗೆ ಬೇಕೆನ್ನುತ್ತಾನೆ, ಇನ್ನೊಬ್ಬನು ಕೆಲವರ ಕಣ್ಣಿಗೆ ಸಾಕೆನ್ನುತ್ತಾನೆ. ಮನುಷ್ಯನೇ ಇಲ್ಲದ ನೆಲದ ಮೇಲೂ ಮಳೆ ಸುರಿಯುವದರ ವಿಷಯವಾಗಿ ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ಇರುವದನ್ನು ವಾಚಕರು ಬಿಡುವಿನಲ್ಲಿ ಓದಿ ನೋಡಲಿ. ಆ ಧಾರೆಯ ಸ್ವಲ್ಪ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಕೆಳಗಿನ ಬಾವಿಗಳಿಗೆ ಸೇರೀತು; ಉಳಿದದ್ದು ಹಳ್ಳವಾಗಿ ಕೊನೆಗೆ ಕೃಷ್ಣೆಯನ್ನು ಕೂಡುವದು; ನಡುವೆ ಕುರಿ, ನವಿಲು, ಏಡಿ, ಪಾಚಿ ಇವೆಲ್ಲವೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ನಾವು ಹನ್ನೊಂದು ಮಂದಿ ಹೋಗದೆ ಇದ್ದ ಪಕ್ಷದಲ್ಲಿ ಅದರಲ್ಲಿ ಒಂದು ಹನಿಯಾದರೂ ವ್ಯರ್ಥವಾಗುತ್ತಿರಲಿಲ್ಲ. ಹೋದದ್ದರಿಂದ ಲಾಭ ನಮಗೆ. ಹಾಗಾದರೆ ಹೋಗುವವನು ಯಜಮಾನನಾಗಿ ಹೋಗತಕ್ಕದ್ದಲ್ಲ, ಅತಿಥಿಯಾಗಿ. ಕ್ಯಾಂಪಿನ ಆ ಬಂಗಾಳಿ ಹಿರಿಯರು ಈ ಭಾಗವನ್ನು ನಮಗಿಂತ ಚೆನ್ನಾಗಿ ಬಲ್ಲರು. "ಈ ನೆಲವನ್ನು ಯಾರೋ ನಮಗೆ ತೋರಿಸಿದ್ದರಿಂದ ನಾವು ಉಳಿದೆವು. ತೋರಿಸಿದವರ ಬಾವಿಯಲ್ಲಿ ಹೇಗೆ ನೀರು ಸೇದಬೇಕೆಂದು ಮೊದಲು ಕೇಳಿಕೊಂಡೆವು" ಎಂದು ಅವರು ಹಿಂದಿರುಗುವಾಗ ಹೇಳಿದರು.

ಆದುದರಿಂದ ಈ ಪುಟದಲ್ಲಿ ಆ ಸಣ್ಣ ಧಾರೆಯ ದಾರಿಯನ್ನು ಗುರುತು ಹಾಕಿ ಬರೆಯಲಿಲ್ಲ. ಅದು ಇಲ್ಲವೆಂದೂ ಬರೆಯಲಿಲ್ಲ. ಉಪಾಧ್ಯಾಯನಿಗೂ ಅಜ್ಜಿಗೂ ಇದು ಒಪ್ಪಿಗೆಯಾಯಿತು, ಆದರೆ ಅಜ್ಜಿಯು ಒಂದು ಕರಾರು ಹಾಕಿದಳು: ಕೇಳಿಕೊಂಡು ಬಂದವರಲ್ಲಿ ಯಾರನ್ನೂ ಬರಿಗೈಯಲ್ಲಿ ಕಳುಹಿಸಕೂಡದು. ಕೇಳುವವರು ಯಾರೇ ಆಗಲಿ, ಮುಂದಿನ ಮಳೆಗಾಲದಲ್ಲಿ ಹತ್ತು ಹನ್ನೆರಡು ಮಂದಿ ಕೂಡಿದಾಗ ನಾವೇ ಜೊತೆಯಲ್ಲಿ ಬರುವೆವು. ನಡೆಯಲಾರದವರಿಗೆ ನಿಧಾನವಾಗಿ ನಡೆಯೋಣ. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತರಬೇಕು, ನೀರಿಗೆ ಚೊಂಬು ಸಾಕು. ಮಡುವಿನಲ್ಲಿ ಸಾಬೂನು ಹಚ್ಚಬಾರದು. ಪಾಚಿಯ ಮೇಲಿನ ಬಂಡೆಗೆ ಮಕ್ಕಳನ್ನು ಏರಗೊಡಬಾರದು. ಗುಂಡಲಬಂಡೆಯನ್ನು ಮುಟ್ಟಿದ ಕೂಡಲೇ ಆ ಕುರಿಗಾರನನ್ನು ಹುಡುಕಿ ಕೇಳಬೇಕು; ಅವನು ಈಹೊತ್ತು ಬೇಡವೆಂದರೆ ಹಿಂದಿರುಗಬೇಕು. ಹೋಗಲಿಕ್ಕೆ ಅಪ್ಪಣೆಯಾದರೆ, ಕುರಿಗಳು ಕುಡಿದು ಮೇಲೇರುವ ತನಕ ನಾವೆಲ್ಲರೂ ದಡದಲ್ಲಿ ಕುಳಿತಿರಬೇಕು.